ಮುನ್ನೂರು ಹಣೆ

ಹಿಡಿಕೆ ತಿರುಗಿಸುವಾಗ ಎರಡು ಉರುಳೆಗಳ ನಡುವೆ ಸಿಕ್ಕ ಹಾಳೆ ಕರಕರ ಎನ್ನುವ ಸದ್ದಿಗಾಗಿ ಹುಲಿಗೆಮ್ಮ ಪ್ರತಿ ಸಲವೂ ಉಸಿರು ಹಿಡಿದು ಕಾಯುತ್ತಿದ್ದಳು. ಸದ್ದು ಮಾಡುವುದು ಹಾಳೆಯಲ್ಲ, ಮೇಲಿಟ್ಟ ಪ್ಲಾಸ್ಟಿಕ್ ಹಲಗೆ ಎಂದು ಪೂಜಿತಾ ಎಷ್ಟೋ ಸಲ ಹೇಳಿದ್ದಳು. ಆದರೆ ಹುಲಿಗೆಮ್ಮನಿಗೆ ಹಾಳೆಯೇ ನೋವಿಗೆ ಹಾಗೆನ್ನುತ್ತದೆ ಎಂದುಕೊಳ್ಳುವುದು ಹಿತವಾಗಿತ್ತು. ಕೆಳಗೊಂದು ಹಲಗೆ, ಅದರ ಮೇಲೆ ಉಕ್ಕಿನ ಅಚ್ಚು, ಅಚ್ಚಿನ ಮೇಲೆ ಬಾಳೆನಾರಿನ ಹಾಳೆ, ಮತ್ತೊಂದು ಹಲಗೆ. ಕಬ್ಬಿನ ಹಾಲಿನ ಗಾಣಕ್ಕೆ ಕಬ್ಬು ಕೊಟ್ಟಂತೆ ಕೊಟ್ಟು ತಿರುಗಿಸಿದರೆ ಆಚೆ ಕಡೆಯಿಂದ ನಕ್ಷತ್ರವೋ ಗಂಟೆಯೋ ಕವಲು ಕೊಂಬಿನ ಜಿಂಕೆಯೋ ಕತ್ತರಿಸಿಕೊಂಡು ಹೊರಗೆ ಬರುತ್ತಿತ್ತು. ತುಂಗಭದ್ರಾ ಡ್ಯಾಮಿನ ಹಳೆಯ ಕ್ವಾರ್ಟರ್ಸುಗಳ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಈ ಮನೆಯ ನಡುಕೋಣೆಯಲ್ಲಿ ಮೂರು ವರ್ಷದಿಂದ ಅವಳು ಇದನ್ನೇ ಮಾಡುತ್ತಿದ್ದಳು. ಪೂಜಿತಾ ಕಂಪ್ಲಿಯ ಅಕ್ಕಿಗಿರಣಿ ಅಂದಾನಪ್ಪನವರ ಸೊಸೆ. ಮದುವೆಯಾದ ವರ್ಷವೇ ಈ ಯಂತ್ರ ತರಿಸಿ ಕ್ರಿಸ್‌ಮಸ್ ಕಾರ್ಡು, ಉಡುಗೊರೆಗೆ ಕಟ್ಟುವ ಟ್ಯಾಗು ಮಾಡಿಸುವ ಕೆಲಸ ಶುರುಮಾಡಿದವಳು. ಮೊದಲು ಸೇರಿದವಳು ಹುಲಿಗೆಮ್ಮ. ಆಮೇಲೆ ಲಕೋಟೆ ಅಂಟಿಸಲು ಸಂಗಮ್ಮ ಬಂದಳು. ನಾಲ್ಕು ತಿಂಗಳ ಹಿಂದೆ ಅನುಸೂಯಾ ಬಂದಳು.

ಅನುಸೂಯಾ ಬಂದ ದಿನ ಕೋಣೆಯಲ್ಲಿ ಮಾತು ಬಂತು. ಅದಕ್ಕೆ ಮೊದಲು ಅಲ್ಲಿ ಯಂತ್ರ ಮಾತ್ರ ಇತ್ತು, ಯಂತ್ರಕ್ಕೆ ಹುಲಿಗೆಮ್ಮ ಇದ್ದಳು. ಅನುಸೂಯಾಳ ಗಂಡ ಜಡೆಪ್ಪ ಸಂಡೂರಿನಿಂದ ಅದಿರು ಹೊರುವ ಲಾರಿಯ ಡ್ರೈವರ್. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಲಾರಿ ಉರುಳಿ ಅವನು ಸತ್ತು ಆಗ ಏಳು ತಿಂಗಳಾಗಿತ್ತು. ಅಷ್ಟಾದರೂ ಅವಳು ನಗುತ್ತಿದ್ದಳು. ಪೂಜಿತಾಳನ್ನು ನಗಿಸುತ್ತಿದ್ದಳು, ಲೈಟಿನ ಬಿಲ್ ಕೊಡಲು ಬಂದವನನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು ನಗಿಸಿ ಕಳಿಸುತ್ತಿದ್ದಳು. ಗಂಡ ಸತ್ತವಳು ಇಷ್ಟು ನಗುವುದು ಸಂಗಮ್ಮನಿಗೆ ಸರಿಬರುತ್ತಿರಲಿಲ್ಲ. ಹುಲಿಗೆಮ್ಮನಿಗೆ ಸರಿಬಾರದ್ದು ಬೇರೆ. ಆ ನಗುವಿನ ಮುಂದೆ ತಾನು ಗೋಡೆಗೆ ಹೊಡೆದ ಮೊಳೆಯಂತೆ, ಏನನ್ನಾದರೂ ತೂಗುಹಾಕಲು ಮಾತ್ರ ಇರುವವಳಂತೆ ಕಾಣುವುದು. ಎಲ್ಲರೂ ಹುಲಿಗೆಮ್ಮನನ್ನು ಒಳ್ಳೆಯವಳು ಎನ್ನುತ್ತಿದ್ದರು. "ಹುಲಿಗಿಗೆ ಬಾಯೇ ಇಲ್ಲ, ಭಾಳ ಒಳ್ಳೇ ಹುಡುಗಿ" ಎಂದು ಸಂಗಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಬಾಯಿ ತೆರೆಯದಿರುವುದಕ್ಕೂ ಒಳ್ಳೆಯತನಕ್ಕೂ ಸಂಬಂಧವಿಲ್ಲ ಎಂಬುದು ಹುಲಿಗೆಮ್ಮನಿಗೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಅಕ್ಷರಗಳೆಲ್ಲ ಕಣ್ಣಿಗೆ ಕಾಣುತ್ತಿದ್ದವು, ಧ್ವನಿ ಮಾತ್ರ ಗಂಟಲಲ್ಲಿ ಕೂತುಬಿಟ್ಟಿತ್ತು. ಹಿಂದಿನ ಬೆಂಚಿನಿಂದ ಯಾರೋ ಕುರಿಯಂತೆ ಬ್ಯಾ ಎಂದರು, ಮೇಷ್ಟ್ರೂ ನಕ್ಕರು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಆ ನಗೆಯಲ್ಲಿ ಯಾರ ಯಾರ ಹಲ್ಲು ಹೇಗೆ ಕಂಡಿತೆಂದು ಈಗ ಕೇಳಿದರೂ ಅವಳು ಹೇಳಬಲ್ಲಳು.

ಹಂಪಿ ದಾರಿಯ ರೆಸಾರ್ಟೊಂದರಲ್ಲಿ ಕ್ರಿಸ್‌ಮಸ್‌ಗೆ ಮೊದಲು ಮೂರು ದಿನ ಅಂಗಡಿ ಹಾಕುವ ಸುದ್ದಿ ತಂದಾಗ ಪೂಜಿತಾ ಮೂವರನ್ನೂ ಕೂರಿಸಿಕೊಂಡಿದ್ದಳು. ಅಂಗಡಿಯಲ್ಲಿ ಯಂತ್ರವನ್ನೇ ಇಡುವುದು. ಬಂದವರು ಹೆಸರು ಹೇಳಿದರೆ ಅವರ ಕಣ್ಣೆದುರೇ ಇಂಗ್ಲಿಷ್ ಅಕ್ಷರಗಳನ್ನು ಕತ್ತರಿಸಿ ಟ್ಯಾಗಿಗೆ ಅಂಟಿಸಿ ಕೊಡುವುದು. ಅದನ್ನು ಕೇಳುತ್ತಿದ್ದಂತೆ ಹುಲಿಗೆಮ್ಮ ನೆಟ್ಟಗೆ ಕೂತಳು. ಜನರ ಮುಂದೆ ಕೂರುವುದು, ಆದರೆ ಮಾತಾಡಬೇಕಾದ್ದಿಲ್ಲ. ಕೈ ಮಾಡುವುದನ್ನು ನೋಡಲೆಂದೇ ಎಲ್ಲರೂ ಸುತ್ತ ನಿಲ್ಲುವುದು. ಇಂಥದ್ದೊಂದು ಜಾಗ ಲೋಕದಲ್ಲಿ ಇದೆಯೆಂದು ಅವಳು ಅಂದುಕೊಂಡಿರಲಿಲ್ಲ. ಯಂತ್ರ ತನ್ನದು, ಹೋಗುವವಳು ತಾನೇ. ಅದನ್ನು ಕೇಳಬೇಕೆಂದೂ ಅವಳಿಗೆ ಅನಿಸಲಿಲ್ಲ.

"ಅನುಸೂಯಕ್ಕ, ನೀವು ಬರ್ರಿ ನನ್ನ ಜೊತಿ," ಎಂದಳು ಪೂಜಿತಾ. "ನಿಮ್ಮ ಮುಖ ನೋಡಿದ್ರ ಜನ ನಿಂದ್ರತಾರ. ಮತ್ತ ನಿಮ್ಮ ಕಥಿ ಒಂದು ಸಣ್ಣ ಚೀಟಿಯಾಗ ಪ್ರಿಂಟ್ ಹಾಕಿಸ್ತೀನಿ, ಪ್ರತಿ ಕಾರ್ಡಿಗೂ ಒಂದು. ಇದನ್ನ ಮಾಡಿದ ಕೈ ಯಾರದು ಅಂತ."

"ನಂದೇನು ಕಥಿ ಮೇಡಂ," ಎಂದು ಅನುಸೂಯಾ ನಕ್ಕಳು. "ಲಾರಿ ಬಿತ್ತು, ನಾ ಎದ್ದೆ. ಮುಗೀತು."

"ಅದ ಸಾಕು."

ಎಲ್ಲರೂ ನಕ್ಕರು. ಹುಲಿಗೆಮ್ಮನೂ ನಕ್ಕಳು. ಮಷೀನು ನಡೆಸುವುದನ್ನು ಅಕ್ಕನಿಗೆ ಕಲಿಸಿಕೊಡು ಎಂದು ಪೂಜಿತಾ ಹೋಗುವಾಗ ಹೇಳಿದ್ದಕ್ಕೆ ತಲೆಯನ್ನೂ ಆಡಿಸಿದಳು. ಕಲಿಸಿಯೂ ಕೊಟ್ಟಳು. ಅನುಸೂಯಾ ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಅದು ಅಷ್ಟು ಸುಲಭದ ಕೆಲಸ ಎನ್ನುವುದು ಹುಲಿಗೆಮ್ಮನಿಗೆ ಅಂದು ಮೊದಲ ಸಲ ಗೊತ್ತಾಯಿತು.

ಈಗ, ಅದಾಗಿ ಎರಡು ದಿನಕ್ಕೆ, ತೋರಣಗಲ್ಲು ಕಡೆಯ ಟೌನ್‌ಶಿಪ್ಪಿನಿಂದ ಬಂದ ಮುನ್ನೂರು ಕಾರ್ಡುಗಳ ಕೆಲಸ ನಡೆದಿತ್ತು. ಎಲ್ಲವೂ ಒಂದೇ ನಮೂನೆ. ಕಂದು ಹಾಳೆಯಲ್ಲಿ ಕತ್ತರಿಸಿದ, ಸೆರಗು ಹೊದ್ದ ತಾಯಿ, ಅವಳ ತೋಳಲ್ಲಿ ಕೂಸು, ಬದಿಗೆ ಹಸಿರು ಎಲೆಯ ಗೊಂಚಲು. ಎಲೆಯ ನಡುವೆ ಹಣ್ಣೆಂದು ಸಾಸಿವೆ ಗಾತ್ರದ ಕೆಂಪು ಮಣಿ ಮೂರು ಅಂಟಿಸಬೇಕು. ತಾಯಿಯ ಮುಖ ತಿಳಿಹಳದಿ ಹಾಳೆಯ ಒಂದು ಮೊಟ್ಟೆಯಾಕಾರ ಅಷ್ಟೇ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹುಲಿಗೆಮ್ಮ ಕತ್ತರಿಸಿ ಕೊಡುವಳು, ಅನುಸೂಯಾ ಜೋಡಿಸುವಳು. ಸಂಗಮ್ಮ ಹಿಂದಿನ ಕೋಣೆಯಲ್ಲಿ ಲಕೋಟೆಗೆ ಗೋಂದು ಬಳಿಯುತ್ತಿದ್ದಳು. ಹತ್ತು ಕಾರ್ಡು ಆಗಿರಬೇಕು, ಅನುಸೂಯಾ ಕೈ ನಿಲ್ಲಿಸಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಹುಲಿಗಿ, ಈಕಿ ಹಣಿ ಬರೀದ ಐತಲ್ಲವ್ವ."

ಹುಲಿಗೆಮ್ಮನ ಕೈ ಹಿಡಿಕೆಯ ಮೇಲೆ ನಿಂತಿತು.

"ತೋಳಾಗ ಕೂಸು ಐತಿ. ಹಸಿ ಬಾಣಂತಿ. ಹಣಿ ಹಿಂಗ ಬಿಟ್ರ ಹೆಂಗ?" ಅನುಸೂಯಾ ಬಟ್ಟಲಿಂದ ಒಂದು ಕೆಂಪು ಮಣಿಯನ್ನು ಬೆರಳ ತುದಿಗೆ ತೆಗೆದುಕೊಂಡು ಆ ಖಾಲಿ ಮುಖದ ಮೇಲ್ಭಾಗಕ್ಕೆ, ಅಂಟಿಸದೆ, ಸುಮ್ಮನೆ ಇಟ್ಟು ನೋಡಿದಳು. ಇಟ್ಟ ಕೂಡಲೇ ಅದು ಮುಖವಾಯಿತು. ಕಣ್ಣು ಬಾಯಿ ಇಲ್ಲದಿದ್ದರೂ ಯಾರೋ ನೋಡುತ್ತಿರುವಂತಾಯಿತು. "ಒಂದೊಂದು ಹಚ್ಚಲೇನು? ಮೇಡಮ್ಮೋರು ಏನಾರ ಅಂತಾರೇನು? ನಿನಗ ಗೊತ್ತಿರತೈತಿ."

ಗೊತ್ತಿತ್ತು. ಮೂರು ವರ್ಷದ ಹಿಂದೆ, ಸಂಗಮ್ಮನೂ ಇಲ್ಲದಿದ್ದಾಗ, ಇದೇ ಅಚ್ಚಿನ ಮೊದಲ ಕಾರ್ಡಿಗೆ ಇಂಥದೇ ಒಂದು ಮಣಿಯನ್ನು ಇದೇ ಜಾಗದಲ್ಲಿ ಹುಲಿಗೆಮ್ಮ ಇಟ್ಟಿದ್ದಳು. ಯಾರೂ ಹೇಳಿರಲಿಲ್ಲ, ಬರಿದಾಗಿದ್ದುದನ್ನು ಕಂಡು ಕೈ ತಾನಾಗಿ ಹೋಗಿತ್ತು. ಪೂಜಿತಾ ಅದನ್ನು ನೋಡಿ, "ಅಯ್ಯ ಹುಲಿಗೆಮ್ಮ, ಇದು ಅವರ ದೇವರವ್ವ, ಅವರಿಗೆ ಕುಂಕುಮ ಎಲ್ಲೈತಿ" ಎಂದು ಬಿದ್ದು ಬಿದ್ದು ನಕ್ಕು, ಗಂಡ ವೀರೇಶನಿಗೆ ಫೋನಿನಲ್ಲಿ ಫೋಟೋ ಕಳಿಸಿದಳು. ಸಂಜೆ ವೀರೇಶ ಹೆಂಡತಿಯನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲಿ ನಿಂತು, "ಯಾರು, ಈಕೇನು?" ಎಂದು ಹುಬ್ಬು ಹಾರಿಸಿ ಹುಲಿಗೆಮ್ಮನನ್ನು ನೋಡಿ ಹೋದನು. ಅಷ್ಟೇ ನಡೆದದ್ದು. ಯಾರೂ ಬೈಯಲಿಲ್ಲ. ಆದರೆ ಆ ವಾರವೆಲ್ಲ ಅವಳಿಗೆ ಊಟ ಸೇರಿರಲಿಲ್ಲ.

"ಹಚ್ಚಕ್ಕ," ಎಂದಳು ಹುಲಿಗೆಮ್ಮ. "ಚಂದ ಕಾಣ್ತೈತಿ."

ತನ್ನ ಧ್ವನಿ ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಹೊಸದು. ಅನುಸೂಯಾ ಗೋಂದಿನ ಕಡ್ಡಿ ಅದ್ದಿದಳು. ಹುಲಿಗೆಮ್ಮ ಹಿಡಿಕೆ ತಿರುಗಿಸಿದಳು. ಒಂದು ಹಣೆ, ಎರಡು ಹಣೆ. ಇನ್ನೂ ಹೇಳಬಹುದು, ಹತ್ತಿಪ್ಪತ್ತು ಕಿತ್ತರೆ ಮುಗಿಯಿತು ಎಂದು ಅವಳು ಅಂದುಕೊಂಡಳು. ಐವತ್ತಾದಾಗಲೂ ಹಾಗೆಯೇ ಅಂದುಕೊಂಡಳು. ಮಧ್ಯಾಹ್ನ ಅನುಸೂಯಾ ಡಬ್ಬಿ ಬಿಚ್ಚಿ, ಕೇಳದೆಯೇ ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವಳ ಕಡೆ ಸರಿಸಿದಳು. ಪಲ್ಯ ಹುಳಿಯಾಗಿ ಚೆನ್ನಾಗಿತ್ತು. ಹುಲಿಗೆಮ್ಮ ಬೆರಳು ನೆಕ್ಕಿ ತಿಂದಳು. ತಿನ್ನುವಾಗಲೂ ಗೋಡೆಯ ಬದಿಗೆ ಒಣಗಲು ಸಾಲಾಗಿ ಇಟ್ಟ ಕಾರ್ಡುಗಳನ್ನು ನೋಡುತ್ತಿದ್ದಳು. ಸಾಲಾಗಿ ಕೂತ ಹೆಂಗಸರು, ಎಲ್ಲರಿಗೂ ಕೂಸು, ಎಲ್ಲರಿಗೂ ಹಣೆ ತುಂಬಿತ್ತು. "ನೋಡು, ಈಗ ಹೆಂಗ ಅದಾರ," ಎಂದಳು ಅನುಸೂಯಾ. ಹೇಳಿ ರೊಟ್ಟಿ ಮರೆತು ಆ ಸಾಲನ್ನೇ ನೋಡುತ್ತ ಕೂತಳು. ಅವಳು ನಗದೆ ಕೂತದ್ದನ್ನು ಹುಲಿಗೆಮ್ಮ ಅದೇ ಮೊದಲು ಕಂಡದ್ದು. ಆ ಹೊತ್ತಿನಲ್ಲಿ ಬಾಯಿ ತೆರೆದಿದ್ದರೆ ಆಗುತ್ತಿತ್ತು. ತೆರೆಯಲು ಹೋಗಿ, ರೊಟ್ಟಿಯ ಚೂರನ್ನು ಒಳಗಿಟ್ಟಳು. ಸಂಜೆ ಐದಕ್ಕೆ ಮುನ್ನೂರೂ ಮುಗಿದಿದ್ದವು. ಗೋಂದು ರಾತ್ರಿಯೊಳಗೆ ಗಟ್ಟಿಯಾಗುತ್ತದೆ ಎಂದು ತಿಳಿದೇ ಅವಳು ಫ್ಯಾನ್ ಹಾಕಿಟ್ಟು ಬಾಗಿಲು ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಪೂಜಿತಾ ಬಂದು ಮೊದಲ ಕಾರ್ಡನ್ನು ಎತ್ತಿದಾಗ ಹುಲಿಗೆಮ್ಮ ಯಂತ್ರದ ಕಡೆ ಮುಖ ಮಾಡಿ ಅಚ್ಚು ಒರೆಸುತ್ತಿದ್ದಳು. ಬೆನ್ನಿಗೆ ಕಿವಿ ಬಂದಂತಿತ್ತು. ಒಂದು ಕಾರ್ಡು ಕೆಳಗಿಟ್ಟ ಸದ್ದು. ಇನ್ನೊಂದು. ಆಮೇಲೆ ಬೇಗ ಬೇಗ ಐದಾರು.

"ಏನಿದು?"

"ಹಣಿ ಬರಿದಿತ್ತಂತ ಹಚ್ಚಿದೆ ಮೇಡಂ," ಎಂದಳು ಅನುಸೂಯಾ. ನಗುತ್ತಲೇ ಹೇಳಿದಳು, ಹೊಗಳಿಕೆ ಬರುತ್ತದೆ ಎಂದುಕೊಂಡವಳಂತೆ.

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ. ಒಬ್ಬಾಕಿಗೆ ಹಚ್ಚಿ ಒಬ್ಬಾಕಿಗೆ ಬಿಡಾಕ ಆಗತೈತೇನ್ರಿ?"

ಪೂಜಿತಾ ನಗಲಿಲ್ಲ. ಮೂರು ವರ್ಷದ ಹಿಂದೆ ಬಿದ್ದು ಬಿದ್ದು ನಕ್ಕವಳು ಈಗ ಮೆಲ್ಲಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಇವರು ಚರ್ಚಿಗೆ ಹೋಗುವ ಜನ. ಇದು ಅವರು ಪೂಜೆ ಮಾಡುವ ತಾಯಿ. ಇದನ್ನು ಕಳಿಸಿದರೆ ತಮಾಷೆ ಮಾಡಿದ್ದೀವಿ ಅಂದುಕೊಳ್ಳುತ್ತಾರೆ. ಮಧ್ಯಾಹ್ನ ಮೂರಕ್ಕೆ ಕಾರು ಬರುತ್ತದೆ. "ಯಾರು ಹೇಳಿದ್ರು ನಿಮಗ ಹಚ್ಚಂತ?"

ಹುಲಿಗೆಮ್ಮ ಅಚ್ಚನ್ನು ಒರೆಸುತ್ತಲೇ ಇದ್ದಳು. ಈಗ ಬರುತ್ತದೆ ಎಂದುಕೊಂಡಳು. ತನ್ನ ಹೆಸರು ಬರುತ್ತದೆ, ಪೂಜಿತಾ ನೆನಪಿಸಿಕೊಳ್ಳುತ್ತಾಳೆ, ನಿನಗ ಗೊತ್ತಿತ್ತಲ್ಲ ಹುಲಿಗೆಮ್ಮ ಎನ್ನುತ್ತಾಳೆ, ವೀರೇಶ ಬಾಗಿಲಿಗೆ ಬಂದು ಹುಬ್ಬು ಹಾರಿಸುತ್ತಾನೆ.

"ಯಾರೂ ಹೇಳಿಲ್ರಿ," ಎಂದಳು ಅನುಸೂಯಾ. "ನನಗ ಅನಿಸ್ತು."

ಹಿಂದಿನ ಕೋಣೆಯಿಂದ ಸಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಒಂದು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಗಂಡ ಸತ್ತಾಕಿ ಕೈಯಾಗ ಕುಂಕುಮದ ಕೆಲಸ ಕೊಟ್ರ ಮತ್ತೇನಾಗ್ತೈತಿ," ಎಂದಳು, ಮಳೆಬೆಳೆಯ ಮಾತಾಡಿದಂತೆ.

"ಸಂಗಮ್ಮೋರ, ಹಂಗೆಲ್ಲ ಮಾತಾಡಬ್ಯಾಡ್ರಿ ಇಲ್ಲಿ," ಎಂದು ಪೂಜಿತಾ ಗದರಿದಳು. ಗದರಿ, ಪೆಟ್ಟಿಗೆಯಿಂದ ಚಿಮಟ ತೆಗೆದು ಅನುಸೂಯಾಳ ಮುಂದಿಟ್ಟಳು. "ಅಕ್ಕ, ಒಂದೊಂದ ಕೀಳ್ರಿ. ಹಗುರಕ್ಕ. ಹಾಳಿ ಹರಿಬಾರದು."

ಅನುಸೂಯಾ ಚಿಮಟವನ್ನು ನೋಡಿದಳು. ಕೈ ಚಾಚಲಿಲ್ಲ. "ಹುಲಿಗಿ ಕಿತ್ತರ ಆಗಂಗಿಲ್ಲೇನ್ರಿ," ಎಂದಳು. ಬೇರೆ ಯಾವ ಕೆಲಸ ಬೇಕಾದರೂ ಕೊಡಿ ಎನ್ನುವಂತೆ ಹೇಳಿದಳು. ಪೂಜಿತಾಳಿಗೆ ಅದು ಹೊಳೆಯಲಿಲ್ಲ, ಅಥವಾ ಹೊಳೆದು, ಹೊತ್ತಿಲ್ಲವೆಂದು ಬಿಟ್ಟಳು. "ಹಚ್ಚಿದವರು ನೀವು, ನಿಮಗ ಜಾಗ ಗೊತ್ತಿರತೈತಿ. ಹರಿದದ್ದಕ್ಕ ಹುಲಿಗೆಮ್ಮ ಹೊಸ ಮುಖ ಕತ್ತರಿಸಿ ಕೊಡ್ಲಿ."

ಹೀಗೆ ಇಬ್ಬರೂ ಎದುರುಬದುರು ಕೂತರು. ಅನುಸೂಯಾ ಮೊದಲನೆಯದನ್ನು ಕಿತ್ತಾಗ ಮಣಿಯ ಜೊತೆ ಹಾಳೆಯ ಸಿಪ್ಪೆಯೂ ಎದ್ದು ಬಂತು. ಹಣೆಯ ಜಾಗದಲ್ಲಿ ಗುಳ್ಳೆ ಒಡೆದಂತೆ ಒಂದು ಬಿಳಿ ಗಾಯ ಉಳಿಯಿತು. ಹುಲಿಗೆಮ್ಮ ಅದರ ಮೇಲೆ ಹೊಸ ಮುಖ ಅಂಟಿಸಿದಳು. ಎರಡನೆಯದು. ಇಪ್ಪತ್ತನೆಯದು. ಹನ್ನೊಂದು ತಿಂಗಳ ಹಿಂದೆ ಹತ್ತು ಜನ ಹೆಂಗಸರು ಬಚ್ಚಲ ಮನೆಯಲ್ಲಿ ಅನುಸೂಯಾಳನ್ನು ಕೂರಿಸಿ ಹಣೆ ಒರೆಸಿದ್ದರಂತೆ, ಅದನ್ನು ಇವಳೇ ಒಮ್ಮೆ ನಗುತ್ತ ಹೇಳಿದ್ದಳು, ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಚರ್ಮ ಕೆಂಪಾದಾಗ ಇನ್ನೂ ಕುಂಕುಮ ಹೋಗಿಲ್ಲವೆಂದು ಮತ್ತೆ ತಿಕ್ಕಿದರು ಎಂದು. ಅಂದು ಹುಲಿಗೆಮ್ಮನೂ ನಕ್ಕಿದ್ದಳು. ಈಗ ಅವಳು ಅನುಸೂಯಾಳ ಚಿಮಟ ಹಿಡಿದ ಕೈಯನ್ನು ನೋಡುತ್ತಿದ್ದಳು. ಕೈ ನಡುಗುತ್ತದೆಯೇ ಎಂದು ನೋಡುತ್ತಿದ್ದಳು. ನಡುಗಿದರೆ ಸಾಕು, ತಾನು ಎದ್ದು ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಕೈ ನಡುಗಲಿಲ್ಲ. ಅದರ ಮೇಲೆ ಸಿಟ್ಟು ಬಂತು. ತನ್ನ ಹೆಸರು ಹೇಳದೆ ಉಳಿಸಿದ್ದರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವಳು ಯಾರು, ನನ್ನನ್ನು ಉಳಿಸಲು? ನೂರಾದಾಗ ಪೂಜಿತಾ ಚಹಾ ತರಿಸಿದಳು. ನೂರೈವತ್ತರ ಹೊತ್ತಿಗೆ ಅನುಸೂಯಾಳ ಕಣ್ಣಿಂದ ನೀರು ಇಳಿಯಿತು. ಒಂದು ಹನಿ ಕಂದು ಸೆರಗಿನ ಮೇಲೆ ಬಿದ್ದು ಕಲೆಯಾಯಿತು. "ಅಕ್ಕ, ಇದು ಕೆಟ್ಟಿತು," ಎಂದು ಹುಲಿಗೆಮ್ಮ ಆ ಕಾರ್ಡನ್ನು ತೆಗೆದು ಬದಿಗಿಟ್ಟಳು. ಕೆಟ್ಟದ್ದನ್ನು ತೋರಿಸಿಕೊಡುವುದು ಅವಳ ಕೆಲಸವಾಗಿತ್ತು.

ಮೂರಕ್ಕೆ ಕಾರು ಬಂತು, ಕಾರ್ಡುಗಳು ಹೋದವು. ಪೂಜಿತಾ ನಿಟ್ಟುಸಿರು ಬಿಟ್ಟು, ಅದೇ ಉಸಿರಿನಲ್ಲಿ ಹೇಳಿದಳು: "ರೆಸಾರ್ಟಿಗೆ ಹುಲಿಗೆಮ್ಮ ಬರ್ಲಿ. ಅಲ್ಲಿ ಇಂಥಾದ್ದೇನಾರ ಆದ್ರ ಕಷ್ಟ. ಅನುಸೂಯಕ್ಕ, ನೀವು ಇಲ್ಲೇ ನೋಡಿಕೊಳ್ರಿ." ಹುಲಿಗೆಮ್ಮ ತಲೆ ತಗ್ಗಿಸಿದಳು. ಅದೇ ಹೊತ್ತಿಗೆ ಅವಳಿಗೆ ಒಂದು ವಿಷಯ ತಿಳಿಯಿತು. ಇಡೀ ದಿನ ಪೂಜಿತಾ ಅವಳ ಕಡೆ ಒಮ್ಮೆಯೂ ಸಂಶಯದಿಂದ ನೋಡಿರಲಿಲ್ಲ. ಮರೆತಿದ್ದಳು. ಆ ಫೋಟೋ, ಆ ನಗು, ಆ ಹುಬ್ಬು, ಮೂರು ವರ್ಷ ಹುಲಿಗೆಮ್ಮ ಒಳಗಿಟ್ಟುಕೊಂಡು ತಿರುವಿ ಹಾಕುತ್ತಿದ್ದ ಆ ಅರ್ಧ ಗಳಿಗೆ ಪೂಜಿತಾಳ ತಲೆಯಲ್ಲಿ ಇರಲೇ ಇಲ್ಲ.

ಬಸ್‌ಸ್ಟಾಪಿನಲ್ಲಿ ಚಿತ್ತವಾಡ್ಗಿಯ ಬಸ್ಸಿಗೆ ಕಾಯುವಾಗ ಅನುಸೂಯಾಳ ಮಗಳು ಪಂಪಾವತಿ ಶಾಲೆ ಬಿಟ್ಟು ಬಂದು ಸೇರಿಕೊಂಡಳು. ನಾಲ್ಕನೇ ಕ್ಲಾಸು, ಎರಡು ಜಡೆ, ಮುಂದಿನ ಹಲ್ಲೊಂದು ಇಲ್ಲ. ಅವ್ವನ ಸೆರಗು ಹಿಡಿದು ಒಂದೇ ಕಾಲಲ್ಲಿ ಕುಣಿಯುತ್ತಿದ್ದಳು.

"ಹುಲಿಗಿ, ಒಂದು ಕೇಳ್ತೀನಿ," ಎಂದಳು ಅನುಸೂಯಾ. "ನಿನಗ ಮೊದಲ ಗೊತ್ತಿತ್ತೇನವ್ವ?"

"ಇಲ್ಲಕ್ಕ."

"ಅದ ಅಂದ್ಕೊಂಡೆ. ಗೊತ್ತಿದ್ರ ನೀ ಹೇಳ್ತಿದ್ದಿ." ಅನುಸೂಯಾ ಅವಳ ಬೆನ್ನಿನ ಮೇಲೆ ಕೈಯಾಡಿಸಿದಳು. "ರೆಸಾರ್ಟಿಗೆ ಹೋಗು, ಅಂಜಬ್ಯಾಡ. ಯಾರಾರ ಏನಾರ ಕೇಳಿದ್ರ ನಕ್ಕುಬಿಡು. ನಾ ಮಾಡೋದೂ ಅಷ್ಟ."

ಇಪ್ಪತ್ತೆರಡನೆಯ ತಾರೀಖು ಕಾರು ಕಮಲಾಪುರ ದಾಟುವಾಗ ಪೂಜಿತಾ ಹಿಂದಿನ ಸೀಟಿನಿಂದ ಚೀಟಿಗಳ ಕಟ್ಟನ್ನು ಮುಂದಕ್ಕೆ ಕೊಟ್ಟಳು. "ಪ್ರಿಂಟಾಗಿ ಬಂದುಬಿಟ್ಟಾವು. ಹೆಸರು ಅನುಸೂಯಾ ಅಂತ ಐತಿ, ಗಂಡ ಲಾರಿಯಾಗ ಹೋದದ್ದು ಎಲ್ಲಾ ಐತಿ. ಮೂರು ದಿನ ನೀನ ಅನುಸೂಯಾ, ತಿಳೀತೇನು? ಮಾತಾಡೋದೇನೂ ಇಲ್ಲ. ನೀ ಹೆಂಗೂ ಮಾತಾಡಂಗಿಲ್ಲ." ಆಮೇಲೆ ಮುಂದಕ್ಕೆ ಬಾಗಿ ಹುಲಿಗೆಮ್ಮನ ಹಣೆಯ ಮೇಲಿನ ಸಣ್ಣ ಸ್ಟಿಕ್ಕರನ್ನು ನೋಡಿ, "ಇರ್ಲಿ ಬಿಡು, ಅವರಿಗೇನು ಗೊತ್ತಾಗತೈತಿ" ಎಂದಳು.

ಅವರಿಗೆ ಏನೂ ಗೊತ್ತಾಗಲಿಲ್ಲ. ಹುಲ್ಲಿನ ಮೇಲೆ ಬಿಳಿ ಶಾಮಿಯಾನ, ಹತ್ತಿಯ ಹಿಮ ಅಂಟಿಸಿದ ಪ್ಲಾಸ್ಟಿಕ್ ಮರ, ಆಚೆ ಬಿಸಿಲಿಗೆ ಕಾದ ಬಂಡೆಗಳು. ಜನ ಬಂದು ಚೀಟಿ ಓದುತ್ತಿದ್ದರು, ಓದಿ ಅವಳ ಕಡೆ ನೋಡುತ್ತಿದ್ದರು. ಅಂಥ ನೋಟ ಅವಳ ಮೇಲೆ ಎಂದೂ ಬಿದ್ದಿರಲಿಲ್ಲ. ಅದರಲ್ಲಿ ನಗೆ ಇರಲಿಲ್ಲ, ಆತುರವಿರಲಿಲ್ಲ. ಅವಳು ಹಿಡಿಕೆ ತಿರುಗಿಸಿ ಮುಗಿಸುವವರೆಗೂ ಅವರು ಧ್ವನಿ ತಗ್ಗಿಸಿಕೊಂಡು ಕಾಯುತ್ತಿದ್ದರು. ಅನುಸೂಯಾ ಎಂದು ಕರೆದರೆ ತಲೆ ಎತ್ತುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ನೆರೆಗೂದಲಿನ ಒಬ್ಬ ವಿದೇಶಿ ಹೆಂಗಸು ಬಂದು, ಚೀಟಿಯನ್ನು ಎರಡು ಸಲ ಓದಿ, ಮೇಜಿನ ಈಚೆಗೇ ಬಂದು ಕುರ್ಚಿ ಎಳೆದುಕೊಂಡು ಕೂತಳು. ಹೇಗಾಯಿತು ಎಂದು ಕೇಳಿದಳು. ಪೂಜಿತಾ ಅದನ್ನು ಕನ್ನಡದಲ್ಲಿ ಹೇಳಿ, ತಾನೇ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಮಾತಾಡತೊಡಗಿದ್ದಳು. ಸಂಡೂರಿನ ಇಳಿಜಾರು, ಕೆಂಪು ಧೂಳು, ಬೆಳಗಿನ ಜಾವ ಬಂದ ಫೋನು. ಅವನು ಮನೆಯಿಂದ ಹೊರಡುವಾಗ ಹೊಸ್ತಿಲಲ್ಲಿ ನಿಂತು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡದ್ದನ್ನೂ ಹೇಳಿದಳು. ಅದನ್ನು ಅನುಸೂಯಾ ಎಂದೂ ಹೇಳಿರಲಿಲ್ಲ. ಗಂಟಲು ಎಲ್ಲಿಯೂ ಹಿಡಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ನಿಜವಾದ ನೀರು, ಬಿಸಿಯಾದದ್ದು. ಅದು ಕೆನ್ನೆಗಿಳಿಯುವಾಗ ಅವಳಿಗೆ ತುಂಬ ಸುಖವಾಯಿತು. ಪೂಜಿತಾ ಅಚ್ಚರಿಯಿಂದ ನೋಡುತ್ತಲೇ ಒಂದೊಂದನ್ನೂ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಳು.

"ಮಕ್ಕಳು ಅದಾವೇನು ಅಂತ ಕೇಳಾಕತ್ತಾರ," ಎಂದಳು ಪೂಜಿತಾ.

ಹುಲಿಗೆಮ್ಮ ಆ ಹೆಂಗಸಿನ ಮುಖ ನೋಡಿದಳು. ತಿಳಿನೀಲಿ ಕಣ್ಣು, ಇನ್ನೂ ಏನೋ ಬೇಕೆಂದು ಕಾಯುತ್ತಿದ್ದ ಕಣ್ಣು. ಇದೆ ಎಂದರೆ ಅವಳು ಸಮಾಧಾನಪಟ್ಟು ಎದ್ದು ಹೋಗಿಬಿಡುತ್ತಾಳೆ.

"ಒಬ್ಬಾಕಿ ಮಗಳಿದ್ಲು," ಎಂದಳು. "ಪಂಪಾವತಿ. ಅಪ್ಪ ಹೋದ ತಿಂಗಳದಾಗ ಆಕೀನೂ ಹೋದ್ಲು."

ಪೂಜಿತಾಳ ತುಟಿ ಅರೆತೆರೆದು ನಿಂತಿತು. ಅವಳು ಹುಲಿಗೆಮ್ಮನನ್ನು ನೋಡಿದಳು. ಹುಲಿಗೆಮ್ಮ ನೋಟ ತಗ್ಗಿಸಲಿಲ್ಲ. ಮೇಜಿನ ಸುತ್ತ ಅಷ್ಟರಲ್ಲಿ ಆರೇಳು ಜನ ಸೇರಿದ್ದರು. ಪೂಜಿತಾ ಆ ಹೆಂಗಸಿನ ಕಡೆ ತಿರುಗಿ, ದನಿ ಇಳಿಸಿ, ಹೇಳಿದಳು.

ಹೆಂಗಸು ಬಾಯಿಗೆ ಕೈ ಒತ್ತಿಕೊಂಡಳು. ಆಮೇಲೆ ಆ ಕೈಯನ್ನು ಹುಲಿಗೆಮ್ಮನ ಕೈಯ ಮೇಲಿಟ್ಟು ಬಹಳ ಹೊತ್ತು ಏನೋ ಹೇಳಿದಳು. ಆ ಮಗುವಿನ ಹೆಸರಿನದೊಂದು ಟ್ಯಾಗು ಮಾಡಿಕೊಡಬೇಕಂತೆ, ಊರಿಗೆ ಒಯ್ದು ಪ್ರತಿ ವರ್ಷ ಮನೆಯ ಕ್ರಿಸ್‌ಮಸ್ ಮರಕ್ಕೆ ಕಟ್ಟುತ್ತಾಳಂತೆ ಎಂದು ಪೂಜಿತಾ ಹುಲಿಗೆಮ್ಮನ ಮುಖ ನೋಡದೆ ತಿಳಿಸಿದಳು. ಹುಲಿಗೆಮ್ಮ ಒಳ್ಳೆಯ ಹಾಳೆಯೊಂದನ್ನು ಆರಿಸಿ, ಅಕ್ಷರದ ಅಚ್ಚುಗಳನ್ನು ಹುಡುಕಿ ಸಾಲಾಗಿ ಇಟ್ಟುಕೊಂಡಳು. ಮೊದಲ ಅಕ್ಷರದ ಅಚ್ಚು ಒಂದೇ ಇತ್ತು, ಹೆಸರಿನಲ್ಲಿ ಅದು ಎರಡು ಸಲ ಬರುತ್ತಿತ್ತು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಒಂದು ಅಕ್ಷರ ಕತ್ತರಿಸಿ, ಅದೇ ಅಚ್ಚನ್ನು ಒರೆಸಿ, ಮತ್ತೆ ಇಟ್ಟು, ಹಿಡಿಕೆ ತಿರುಗಿಸಿದಳು.